ಚಕ್ರದ ಕೆಳಗಿನ ಕಲ್ಲು

ಕೆರೆ ಏರಿಯಿಂದ ಇಳಿದು ಬರುವ ರಸ್ತೆಯ ಬುಡದಲ್ಲಿ, ಅರಳಿಕಟ್ಟೆಯ ಪಕ್ಕಕ್ಕೆ ನನ್ನ ಹೊಲಿಗೆ ಅಂಗಡಿ. ಚೇಳೂರಿನಿಂದ ನಮ್ಮೂರಿಗೆ ಬರುವವರಿಗೆ ಮೊದಲು ಕಾಣುವುದು ‘ಶಶಿರೇಖಾ ಲೇಡೀಸ್ ಟೈಲರ್’ ಅನ್ನುವ ನನ್ನ ಬೋರ್ಡು. ನನಗೆ ದಿನಾ ಮೊದಲು ಕಾಣುತ್ತಿದ್ದದ್ದು ಮಾತ್ರ ಹನುಮಂತರಾಜುವಿನ ಕಾರು. ಏರಿಯ ಮೇಲೆ, ರಸ್ತೆ ಇಳಿಯಲು ಶುರುವಾಗುವ ಕಡೆ, ಮೂತಿಯನ್ನು ನನ್ನ ಬಾಗಿಲಿಗೇ ಮಾಡಿಕೊಂಡು ಅದು ನಿಂತಿರುತ್ತಿತ್ತು. ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿರುತ್ತಿದ್ದ. ಆ ಕಲ್ಲೊಂದು ಜರುಗಿದರೆ ಕಾರು ಎಲ್ಲಿಗೆ ಬರುತ್ತದೆ ಅಂತ ತಿಳಿಯಲು ಹೆಚ್ಚು ಓದಿರಬೇಕಾಗಿಲ್ಲ.

ಬ್ಲೌಸಿಗೆ ಹುಕ್ಕು ಹಾಕುತ್ತಾ ತಲೆ ಎತ್ತಿದರೆ ಅದು. ದಾರ ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದರೆ ಅದು. ಅದರ ಮುಖ ನೋಡಿ ನೋಡಿ ಸಾಕಾಗಿ ಕೊನೆಗೆ ಮಿಷಿನ್ನನ್ನೇ ಬಾಗಿಲ ಹತ್ತಿರದಿಂದ ಒಳಗೋಡೆಗೆ ಸರಿಸಿಕೊಂಡೆ. ಬೆಳಕು ಸಾಲದೆ ಕಣ್ಣು ಉರಿಯುತ್ತಿತ್ತು. ಉರಿದರೆ ಉರಿಯಲಿ, ಜೀವಕ್ಕಿಂತ ಕಣ್ಣು ದೊಡ್ಡದಲ್ಲ ಅಂತ ಸುಮ್ಮನಾದೆ.

ಹನುಮಂತರಾಜು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗಿಂತ ಚಿಕ್ಕವನು, ನನ್ನ ಕಣ್ಣೆದುರಿಗೇ ಬೆಳೆದವನು. ವಸಂತನರಸಾಪುರದ ಫ್ಯಾಕ್ಟರಿಗೆ ಜನರನ್ನು ಹೊತ್ತೊಯ್ಯುವ ಕ್ಯಾಬು ಓಡಿಸುತ್ತಿದ್ದ. ಓನರು ಹಳೇ ಗಾಡಿಗಳನ್ನು ತೆಗೆದುಹಾಕುವಾಗ ತಾನು ಓಡಿಸುತ್ತಿದ್ದ ಬಿಳಿ ಡೀಸೆಲ್ ಕಾರನ್ನೇ ಕೊಂಡುಕೊಂಡು ಊರಿಗೆ ಬಂದ. ಆಮೇಲೆ ನಮ್ಮೂರಿನ ಕಾಯಿಲೆ ಕಸಾಲೆಗೆಲ್ಲ ಅದೇ ಗಾಡಿ. ಹೆರಿಗೆ ನೋವು ಬಂದರೆ ಅವನು, ಹಾವು ಮುಟ್ಟಿದರೆ ಅವನು, ತೆಂಗಿನ ಮರದಿಂದ ಯಾರಾದರೂ ಬಿದ್ದರೆ ಅವನು. ಏರಿ ಮೇಲಿನ ಮನೆಯ ಬಸವಲಿಂಗಮ್ಮನಿಗೆ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದವನೂ ಅವನೇ. ಒಂದು ಸಲ ತಪ್ಪಿದರೂ ಆಕೆಯ ಕಾಲು, ಮುಖ ಎಲ್ಲ ಊದಿಕೊಳ್ಳುತ್ತಿತ್ತು.

ಇಂಥವನು ಆ ಹಾಳು ಸೆಲ್ಫನ್ನು ಯಾಕೆ ಸರಿಮಾಡಿಸಲಿಲ್ಲ ಅಂತ ನೀವು ಕೇಳಬಹುದು. ಊರೆಲ್ಲ ಕೇಳಿತ್ತು. ಸೆಲ್ಫ್ ಅಂದರೆ ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರು. ಅದು ಸವೆದುಹೋಗಿತ್ತು. ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಕೆಲವು ದಿನ ಬಾನೆಟ್ ಎತ್ತಿ, ಜಾಕಿ ರಾಡಿನಿಂದ ಆ ಮೋಟಾರಿನ ನೆತ್ತಿಗೆ ಎರಡು ಬಾರಿಸಿದರೆ ಎದ್ದುಕೊಳ್ಳುತ್ತಿತ್ತು. ಆಮೇಲೆ ಹೊಡೆತಕ್ಕೂ ಬಗ್ಗಲಿಲ್ಲ. ಆಗ ಅವನು ಏರಿಯ ಇಳಿಜಾರನ್ನು ಹಿಡಿದ. ಕಲ್ಲು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು, ಕಾರು ಉರುಳುತ್ತಾ ಬರುವಾಗ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಗುರ್ ಅಂತ ಎದ್ದೇಳುತ್ತಿತ್ತು. ಎದ್ದೇಳುವ ಹೊತ್ತಿಗೆ ಕಾರು ನನ್ನ ಬಾಗಿಲ ಹತ್ತಿರ ಬಂದಿರುತ್ತಿತ್ತು. ಅಲ್ಲಿಂದ ಕಟ್ಟೆಯನ್ನು ಸವರಿಕೊಂಡು ತಿರುಗುವನು.

ಅವನು ಗಾಡಿಯನ್ನು ರಿಪೇರಿಗೆ ಬಿಡದೇ ಇದ್ದದ್ದಕ್ಕೆ ಕಾರಣ ಅವನಪ್ಪ. ಅಪ್ಪ ರಂಗಯ್ಯ ನಮ್ಮ ತಂದೆಯ ಗೆಳೆಯ, ಗಟ್ಟಿ ಆಳು. ಹಿಂದೊಂದು ಸಲ ಇದೇ ಸೆಲ್ಫ್ ಕೆಟ್ಟಾಗ ರಾಜು ಕಾರನ್ನು ಗುಬ್ಬಿಯ ಎಲೆಕ್ಟ್ರಿಷಿಯನ್ ರೇಣುಕಾಪ್ರಸಾದ್ ಹತ್ತಿರ ಬಿಟ್ಟು ಬಂದಿದ್ದ. ಮಧ್ಯಾಹ್ನಕ್ಕೆ ಕೊಡ್ತೀನಿ ಅಂದಿದ್ದ ರೇಣುಕಾಪ್ರಸಾದ್. ಒಳಗಿನ ಆರ್ಮೇಚರಿನ ತಂತಿ ಸುಟ್ಟಿದೆ ಅಂತ ಹೊಸ ತಂತಿ ಸುತ್ತಿಸಲು ಅದು ತುಮಕೂರಿಗೆ ಹೋಯಿತು. ಮಧ್ಯಾಹ್ನ ಹೋಗಿ ಸಂಜೆ ಆಯಿತು. ಆ ಸಂಜೆಯೇ ರಂಗಯ್ಯ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಗಾಡಿ ಹುಡುಕಿ ಹುಡುಕಿ, ಕೊನೆಗೆ ಕೊಬ್ಬರಿ ತುಂಬಿದ್ದ ಲಗೇಜ್ ಆಟೋದ ಮೂಟೆಗಳನ್ನು ರಸ್ತೆಗೆ ಎಸೆದು ಅದರಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ಯಾರೋ ಡಾಕ್ಟರು, “ಅರ್ಧ ಗಂಟೆ ಮುಂಚೆ ತಂದಿದ್ರೆ” ಅಂದರಂತೆ. ಆ ಡಾಕ್ಟರಿಗೆ ಅದು ದಿನವೂ ಆಡುವ ಮಾತು. ರಾಜುವಿನ ತಲೆಯೊಳಗೆ ಅದು ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಅಲ್ಲಿಂದಾಚೆಗೆ ಆ ಕಾರನ್ನು ಒಂದು ಗಳಿಗೆಯೂ ಯಾರ ಕೈಗೂ ಕೊಟ್ಟವನಲ್ಲ. ಸೆಲ್ಫ್ ಮತ್ತೆ ಕೈಕೊಟ್ಟ ಮೇಲೆ ಇಳಿಜಾರು ಬಿಟ್ಟು ಸಮತಟ್ಟಿನಲ್ಲಿ ನಿಲ್ಲಿಸಿದವನೂ ಅಲ್ಲ. ತುಮಕೂರಿನಲ್ಲಿ ಆಸ್ಪತ್ರೆ ಎಲ್ಲಿದೆ ಅಂತ ಅವನನ್ನು ಕೇಳಿದರೆ, ಅದರ ಹತ್ತಿರ ಯಾವ ರಸ್ತೆ ಇಳಿಜಾರು ಅಂತ ಹೇಳುವನು. ಕುಣಿಗಲ್ಲಿನ ತಂಗಿ ಮನೆಗೆ ಹೋದರೂ ಕಾರು ಮಾತ್ರ ದೂರದಲ್ಲಿ, ಅಲ್ಲಿನ ಕೆರೆ ಏರಿಯ ಹತ್ತಿರ, ಊಟಕ್ಕೆ ಇವನು ನಡೆದುಕೊಂಡು ಹೋಗಬೇಕು. ರಾತ್ರಿ ಮಲಗುವಾಗಲೂ ಕೀ ಸೊಂಟದ ಉಡಿದಾರಕ್ಕೇ ಕಟ್ಟಿರುತ್ತಿತ್ತು ಅಂತ ಅವನ ಹೆಂಡತಿ ನನ್ನ ಹತ್ತಿರ ಗೊಣಗಿದ್ದಾಳೆ.

ಒಂದು ಸಲ ನಾನು ಲೈನಿಂಗ್ ಬಟ್ಟೆ ತರಲು ಅವನ ಜೊತೆ ಗುಬ್ಬಿಗೆ ಹೋಗಿದ್ದೆ. ರೇಣುಕಾಪ್ರಸಾದ್ ಅಂಗಡಿ ಮುಂದೆ ಅವನಿಗೆ ಬೈದು ಕಾರು ನಿಲ್ಲಿಸುವ ಹಾಗೆ ಮಾಡಿದೆ. ಇಂಜಿನ್ ಆಫ್ ಮಾಡಲು ಇವನು ಒಪ್ಪಲಿಲ್ಲ. ರೇಣುಕಾಪ್ರಸಾದ್ ಓಡುತ್ತಿರುವ ಇಂಜಿನ್ನಿನ ಒಳಗೇ ಇಣುಕಿ ನೋಡಿದ.

“ಇದ್ರಲ್ಲಿ ಏನೂ ಉಳ್ದಿಲ್ಲ ಕಣಪ್ಪ. ಬ್ರಷ್ಷು, ಬುಷ್ಷು ಎಲ್ಲಾ ಸವ್ದೋಗಿರ್ತವೆ. ಇನ್ನು ರಿಪೇರಿ ಬ್ಯಾಡ, ಹೊಸಾದೇ ಹಾಕ್ಬುಡಣ. ಗಾಡಿ ಬುಟ್ಟೋಗು.”

“ಬುಡಕ್ಕಾಗಲ್ಲ.”

“ನಿಂತ್ಕೊಂಡೇ ಮಾಡುಸ್ಕೊ ಹಂಗಾರೆ. ಎಷ್ಟೊತ್ತಿನ್ ಕೆಲ್ಸ?”

“ನೀನು ಬಿಚ್ಚಿ ಕೆಳಗಿಟ್ಟಾಗ ಫೋನ್ ಬಂದ್ರೆ?” ಅಂದ ರಾಜು. “ಅವತ್ತೂ ಮಧ್ಯಾಹ್ನಕ್ಕೆ ಅಂದಿದ್ದೆ ನೀನು.”

ರೇಣುಕಾಪ್ರಸಾದ್ ಬಾನೆಟ್ ಮುಚ್ಚಿದ. ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಹಾಗಾಯಿತು ಇವನ ಕತೆ. ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. ಅವನು ನಗುತ್ತಾ, “ನಿನ್ ಅಂಗ್ಡಿಗೇನಾಗಲ್ಲ ಬುಡಕ್ಕ, ಕಲ್ಲೈತಲ್ಲ” ಅಂದ.

ಆ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಕೆರೆ ತೂಬಿನ ಹತ್ತಿರ ಬಿದ್ದಿದ್ದ ಕರೀ ಕಲ್ಲು, ಒಂದು ಕಡೆ ಬೆಣೆಯ ಹಾಗೆ ಇಳಿದಿತ್ತು. ಚಕ್ರದ ಕೆಳಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಒಂದು ಆಯುಧಪೂಜೆಗೆ ರಾಜು ಕಾರು ತೊಳೆದು, ಹೂವು ಏರಿಸಿ, ಬೂದುಗುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ನಾನೂ ಮಿಷಿನ್ನು, ಕತ್ತರಿಗೆ ಪೂಜೆ ಮಾಡಿ ಪುರಿ ಹಂಚಲು ಮೇಲೆ ಹೋಗಿದ್ದೆ. ಅವನು ಬೆರಳಲ್ಲಿ ಉಳಿದಿದ್ದ ಅರಿಶಿನ ಕುಂಕುಮವನ್ನು ಆ ಕಲ್ಲಿಗೆ ಬಳಿದು, “ವರ್ಷ ಪೂರ್ತಿ ದುಡ್ದೋಳು ಇವ್ಳೇ ಕಣಕ್ಕ. ಇವ್ಳೇ ನಮ್ ತಡೆಯಮ್ಮ” ಅಂದ. ಎಲ್ಲರೂ ನಕ್ಕೆವು.

ಅವನ ತಾಯಿ ಪುಟ್ಟತಾಯಮ್ಮ ನಗಲಿಲ್ಲ. ಗಂಡ ಹೋದ ಮೇಲೆ ಅವರಿಗೆ ಕಿವಿ ಮಂದವಾಗಿತ್ತು, ಮನಸ್ಸು ಸಣ್ಣಪುಟ್ಟದಕ್ಕೂ ಬೆದರುತ್ತಿತ್ತು. ಮಗನ ಕಾರು ಇಷ್ಟು ವರ್ಷ ಯಾರಿಗೂ ಏನೂ ಮಾಡದೆ ನಿಂತಿರುವುದು ಆ ಕಲ್ಲಿನಿಂದ ಅಂತ ಅವರ ಮನಸ್ಸಿಗೆ ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಶುಕ್ರವಾರ ಶುಕ್ರವಾರ ಕಲ್ಲಿಗೆ ಹೂವು ಬಂತು. ಕೆರೆ ಕಡೆ ಹೋಗುವ ಹೆಂಗಸರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಊರಲ್ಲಿ ಟ್ರ್ಯಾಕ್ಟರ್ ಇಟ್ಟಿದ್ದ ವೆಂಕಟಯ್ಯನ ಕಳೆದುಹೋದ ಹಸು ತಾನಾಗೇ ಮನೆಗೆ ಬಂದಾಗ ಅವನು ಚಕ್ರದ ಮುಂದೆ ಕಾಯಿ ಒಡೆದ. ನಾನು ಅಂಗಡಿಯಲ್ಲಿ ಕೂತು, ಇನ್ನೇನು ಹುಂಡಿ ಇಡುವುದೊಂದು ಬಾಕಿ ಅಂತ ಆಡಿಕೊಂಡೆ.

ಒಂದು ದಿನ ಪುಟ್ಟತಾಯಮ್ಮ ಹೂವು ಇಡಲು ಹೋದಾಗ ನಾಯಿಯೊಂದು ಆ ಕಲ್ಲಿನ ಮೇಲೆ ಕಾಲೆತ್ತುತ್ತಿತ್ತು. ನಾಯಿ ಚಕ್ರ ಕಂಡರೆ ಬಿಡುತ್ತದೆಯೇ? ಆದರೆ ಪುಟ್ಟತಾಯಮ್ಮನಿಗೆ ಕಣ್ಣೀರೇ ಬಂದುಬಿಟ್ಟಿತು. ರಾಜು ತುಮಕೂರಿಗೆ ಹೋಗಿದ್ದ ಹೊತ್ತು ನೋಡಿ, ಆ ಕಲ್ಲನ್ನು ಸೆರಗಿನಲ್ಲಿ ಎತ್ತಿಕೊಂಡು ಇಳಿಜಾರು ಇಳಿದು ಬಂದರು. ನೀರು ಹಾಕಿ ತೊಳೆದು ಅರಳಿಕಟ್ಟೆಯ ಬುಡದಲ್ಲಿ, ರಸ್ತೆಯ ಕಡೆಗೇ, ಇಟ್ಟರು.

ಸಂಜೆ ರಾಜು ಬಂದು ನೋಡಿದರೆ ಚಕ್ರಕ್ಕೆ ಕೊಡಲು ಕಲ್ಲಿಲ್ಲ. ಅದರ ಜಾಗದಲ್ಲಿ ತಾಯಿ ತಂದಿಟ್ಟಿದ್ದ, ಮನೆ ಕಟ್ಟಿ ಉಳಿದಿದ್ದ ಸಿಮೆಂಟ್ ಇಟ್ಟಿಗೆ ಇತ್ತು, ನಡುವೆ ಟೊಳ್ಳಿರುತ್ತದಲ್ಲ, ಅಂಥದ್ದು. ಅವನು ಕೆಳಗೆ ಬಂದ. ತಾಯಿ ಮಗನ ಜಗಳ ನನ್ನ ಬಾಗಿಲಲ್ಲೇ ನಡೆಯಿತು.

“ಅವ್ವ, ಅದು ಬರೀ ಕಲ್ಲು ಕಣವ್ವ!”

“ಬಾಯ್ ಮುಚ್ಲಾ. ನಿನ್ ಬಾಯಲ್ಲೇ ಅಲ್ವಾ ಅಮ್ಮ ಅಂದಿದ್ದು? ನಾಯಿ ಉಚ್ಚೆ ಹುಯ್ಯೋ ಜಾಗ್ದಲ್ಲಿ ಮಡಗ್ತೀಯಾ? ನಿಮ್ಮಪ್ಪನ್ನ ಕಳ್ಕೊಂಡಿದ್ದು ಸಾಲ್ದಾ, ಇವ್ಳು ಇನ್ಯಾರುನ್ನ ತಗೊಂಡೋಗ್ಬೇಕು ಅಂತಿದೀಯಾ?”

ಅಪ್ಪನ ಹೆಸರು ಬಂದದ್ದೇ ರಾಜು ತಿರುಗಿ ಏರಿಯ ಕಡೆ ಹೊರಟ. “ಅದು ಟೊಳ್ಳಿಟ್ಟಿಗೆ ಕಣೋ, ತಡೆಯಲ್ಲ. ಬೇರೆ ಕಲ್ಲು ನೋಡು” ಅಂತ ನಾನು ಹೇಳಿದೆ. ನೋಡ್ತೀನಿ ಬುಡಕ್ಕ ಅಂದ. ನೋಡಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕ್ತೀನಲ್ಲ ಅಂತ ಸಮಾಧಾನ ಹೇಳಿದ. ಆ ಕೇಬಲ್ಲು ಜೋತುಬಿದ್ದು ಎಷ್ಟೋ ಕಾಲವಾಗಿತ್ತು.

ಅವತ್ತಿನಿಂದ ಪುಟ್ಟತಾಯಮ್ಮ ದಿನಾ ಬೆಳಗ್ಗೆ ಕಟ್ಟೆ ಬುಡದಲ್ಲಿ ಕೂತು, ಇಳಿಜಾರಿಗೆ ಬೆನ್ನು ಮಾಡಿ, ಕಲ್ಲಿಗೆ ಪೂಜೆ ಮಾಡುವರು. ನಾನು ಒಳಗೋಡೆಯ ಹತ್ತಿರ ಸುರಕ್ಷಿತವಾಗಿ ಕೂತಿದ್ದೇನೆ ಅಂದುಕೊಂಡಿದ್ದೆ. ಆದರೂ ಆ ಬೆನ್ನು ನೋಡಿದಾಗಲೆಲ್ಲ ಎದ್ದು ಏರಿಯ ಕಡೆ ಒಮ್ಮೆ ಇಣುಕುತ್ತಿದ್ದೆ. ಒಂದು ಸಲ ವೆಂಕಟಯ್ಯನ ಟ್ರ್ಯಾಕ್ಟರಿನಿಂದ ಏರಿಯ ಮೇಲೆ ತೆಂಗಿನಕಾಯಿ ಉದುರಿದವು. ಪುಟಿಯುತ್ತಾ ಬಂದ ಕಾಯಿಗಳಲ್ಲಿ ಒಂದೂ ನನ್ನ ಅಂಗಡಿಗೆ ಬರಲಿಲ್ಲ. ರಸ್ತೆ ಒಂದಿಷ್ಟು ವಾಲಿಕೊಂಡಿದೆಯಂತೆ, ಎಲ್ಲ ಕಟ್ಟೆಗೇ ಹೋಗಿ ಬಡಿದವು. “ದೊಡ್ಡವ್ವ, ಆ ಕಡೆ ತಿರುಗಿ ಕೂತ್ಕೊಳ್ಳಿ” ಅಂತ ಕಿವಿಯ ಹತ್ತಿರ ಕೂಗಿ ಹೇಳಿದೆ. ಅವರು, “ದೇವ್ರಿಗೆ ಬೆನ್ನು ಹಾಕೋಕಾಯ್ತದೇನವ್ವ?” ಅಂದರು.

ಮೇಲೆ ಇಟ್ಟಿಗೆ ಸವೆಯುತ್ತಿತ್ತು. ಚಕ್ರ ಒತ್ತಿ ಒತ್ತಿ ಅದರ ಅಂಚು ಬೂದಿಯ ಹಾಗೆ ಉದುರುವುದನ್ನು ನಾನೇ ಕಂಡು, ರಾಜುವಿಗೆ ಮತ್ತೆ ಬೈದು ಬಂದಿದ್ದೆ. ಆಮೇಲೆ ಬಿಡದೆ ಮಳೆ ಹಿಡಿಯಿತು.

ಮಳೆ ಬಿಟ್ಟ ಬೆಳಗ್ಗೆ, ಬಸವಲಿಂಗಮ್ಮ ಡಯಾಲಿಸಿಸ್‌ಗೆ ಹೋಗಬೇಕಿತ್ತು. ರಾಜು ಯಾವಾಗಲೂ ಮಾಡುವ ಹಾಗೆ ಮೊದಲು, ನಿಲ್ಲಿಸುವಾಗ ತಡೆಗೆಂದು ಹಾಕಿದ್ದ ಗೇರನ್ನು ನ್ಯೂಟ್ರಲ್‌ಗೆ ತಂದು, ಕೀ ತಿರುಗಿಸಿಟ್ಟು, ಕೆಳಗಿಳಿದು ಆಕೆಯ ತೋಳು ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದ. ಆಕೆ ದಪ್ಪ ಹೆಂಗಸು, ಕಾಲೂ ಊದಿತ್ತು. ಧೊಪ್ಪೆಂದು ಕೂತರು. ಇವನು ಬಾಗಿಲು ಜೋರಾಗಿ ಹಾಕಿದ. ನೆನೆದಿದ್ದ ಇಟ್ಟಿಗೆ ಪುಡಿಯಾಯಿತು.

ಇಂಜಿನ್ ಇಲ್ಲದೆ ಬರುವ ಕಾರಿಗೆ ಸದ್ದಿರುವುದಿಲ್ಲ. ನನಗೆ ಕೇಳಿಸಿದ್ದು, “ಅವ್ವಾ! ಏಳವ್ವಾ!” ಅಂತ ರಾಜು ಅರಚಿದ್ದು. ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅವನು ಹಿಡಿಕೆ ಹಿಡಿದುಕೊಂಡು ಕಾರಿನ ಪಕ್ಕ ಓಡುತ್ತಿದ್ದ, ಜಾರಿ ಬಿದ್ದ. ಕಿಟಕಿಯಲ್ಲಿ ಬಸವಲಿಂಗಮ್ಮನ ಮುಖ ಕಂಡಿತು. ಪುಟ್ಟತಾಯಮ್ಮ ಎರಡು ಕೈಯಲ್ಲೂ ಕಲ್ಲಿಗೆ ಅರಿಶಿನ ಹಚ್ಚುತ್ತಿದ್ದರು. ಕೊನೆಯ ಗಳಿಗೆಯಲ್ಲಿ ನನ್ನ ಕಡೆ ನೋಡಿದರು, ನಾನು ಕಿರುಚುತ್ತಿದ್ದದ್ದನ್ನು ನೋಡಿ ಏನವ್ವ ಅನ್ನುವ ಹಾಗೆ ಹುಬ್ಬು ಎತ್ತಿದರು. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಾಲ್ಕಾರು ಜನ ಓಡಿಬಂದು, ಪುಟ್ಟತಾಯಮ್ಮನನ್ನು ಕಟ್ಟೆಗೆ ಒತ್ತಿ ನಿಂತಿದ್ದ ಕಾರನ್ನು ಹಿಂದಕ್ಕೆ ತಳ್ಳಿ ಅವರನ್ನು ಎತ್ತಿದೆವು. ಉಸಿರಿತ್ತು, ಮಾತೂ ಇತ್ತು. ಸೊಂಟದ ಕೆಳಗೆ ಎಲ್ಲ ಜಜ್ಜಿಹೋಗಿತ್ತು. ಬಸವಲಿಂಗಮ್ಮನಿಗೆ ಹಣೆ ತರಚಿದ್ದು ಬಿಟ್ಟರೆ ಏನಾಗಿರಲಿಲ್ಲ, ಮುಂದಿನ ಸೀಟಿಗೆ ಬಂದು ಕೂತರು. ಯಾರೋ ಆಂಬ್ಯುಲೆನ್ಸಿಗೆ ಫೋನ್ ಮಾಡಿದರು, ಹೊರಟಿದೆ ಅಂದರು. ಕಾಯುವುದು ರಾಜುವಿಗೆ ಆಗುತ್ತದೆಯೇ? ತಾಯಿಯನ್ನು ಹಿಂದೆ ನನ್ನ ತೊಡೆಯ ಮೇಲೆ ಮಲಗಿಸಿ, ಸ್ಟೇರಿಂಗ್ ಹಿಂದೆ ಕೂತು ಕೀ ತಿರುಗಿಸಿದ.

ಟಕ್.

ಅವನಿಗೆ ಮರೆತೇ ಹೋಗಿತ್ತು. ಮತ್ತೆ ತಿರುಗಿಸಿದ. ಟಕ್. ತಲೆ ಎತ್ತಿ ಕನ್ನಡಿಯಲ್ಲಿ ಹಿಂದೆ ನೋಡಿದ. ಇಳಿಜಾರು ಹಿಂದೆ ಉಳಿದಿತ್ತು. ಕಾರು ಸಮತಟ್ಟಿನಲ್ಲಿ ನಿಂತಿತ್ತು.

ಇಳಿದು ಜಾಕಿ ರಾಡು ಹಿಡಿದು, ಬಾಗಿದ ಬಾನೆಟ್ಟನ್ನು ಕಿತ್ತು ತೆರೆದು, ಹುಚ್ಚನ ಹಾಗೆ ಆ ಮೋಟಾರಿಗೆ ಬಾರಿಸಿದ. ಒಂದೊಂದು ಏಟಿಗೂ ನನ್ನ ತೊಡೆಯ ಮೇಲಿದ್ದ ತಲೆ ಅದುರುತ್ತಿತ್ತು. “ಸಾಕು ಬುಡೋ ರಾಜು, ತಳ್ಳಣ ಬಾ” ಅಂತ ವೆಂಕಟಯ್ಯ ಅವನ ಕೈ ಹಿಡಿದು ಕೂರಿಸಿದ. ಮಳೆಗೆ ರಸ್ತೆಯೆಲ್ಲ ಕೆಸರು. ಊರವರೆಲ್ಲ ಸೇರಿ ತಳ್ಳಿದರು, ಅದು ಕೆಮ್ಮಿ ನಿಂತಿತು. ಮತ್ತೆ ತಳ್ಳಿದರು, ಮತ್ತೆ ನಿಂತಿತು. ಹೆಂಗಸರೂ ಸೀರೆ ಎತ್ತಿಕಟ್ಟಿ ಕೈ ಹಚ್ಚಿದರು. ಸ್ಕೂಲಿನ ಹತ್ತಿರ ಹೋಗುವ ಹೊತ್ತಿಗೆ ಕರೀ ಹೊಗೆ ಉಗುಳಿ ಎದ್ದಿತು.

ಚೇಳೂರು ದಾಟಿದೆವು. ಆಮೇಲೆ ಪುಟ್ಟತಾಯಮ್ಮ ಕಣ್ಣು ಬಿಟ್ಟು, “ಮೆಲ್ಗೆ ಓಡ್ಸ್ಲಾ” ಅಂದರು. ಮತ್ತೆ, “ಕಲ್ಲು ತೆಗ್ದೋಳು ನಾನು ಕಣಪ್ಪ. ನೀನು ಮನ್ಸಿಗೆ ಹಚ್ಕೋಬ್ಯಾಡ” ಅಂದರು. ರಾಜು ಹಿಂದೆ ತಿರುಗಲಿಲ್ಲ. ನಾನು ಅವರ ಕೈ ಹಿಡಿದುಕೊಂಡಿದ್ದೆ, ಬೆರಳಿಗೆಲ್ಲ ಅರಿಶಿನ ಮೆತ್ತಿತ್ತು. ಗುಬ್ಬಿಯ ಬೋರ್ಡು ಕಾಣುವ ಹೊತ್ತಿಗೆ ಆ ಕೈ ತಣ್ಣಗಾಗಿತ್ತು. ನನಗೆ ಗೊತ್ತಾಯಿತು. ಆದರೂ ಆ ಕೈಯನ್ನು ಬಿಡದೆ ಹಿಡಿದುಕೊಂಡೇ ಕೂತೆ.

ಆಸ್ಪತ್ರೆ ಬಾಗಿಲಲ್ಲಿ ಕಾರು ಗುರುಗುಟ್ಟುತ್ತಲೇ ಇತ್ತು. ಆಫ್ ಮಾಡಪ್ಪ ಅಂತ ಯಾರು ಹೇಳಿದರೂ ಅವನಿಗೆ ಕೇಳಿಸಲಿಲ್ಲ. ಡಾಕ್ಟರು ನೋಡಿ, ತಲೆ ಅಲ್ಲಾಡಿಸಿ ಒಳಗೆ ಹೋದರು. ರಾಜು ಅವರ ಹಿಂದೆಯೇ ಹೋಗಿ ನಿಂತ. ಮುಂಚೆ ತಂದಿದ್ದರೆ ಅನ್ನುವ ಮಾತಿಗೆ ಅವನು ಕಾಯುತ್ತಿದ್ದ. ಅವರು ಹೇಳಲಿಲ್ಲ.

ತಿಥಿ ಎಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ ಅಂಗಡಿಗೆ ಬಂದ. “ಗುಬ್ಬಿಗೆ ಹೋಗ್ಬೇಕು ಶಶಕ್ಕ, ಜೊತೇಲಿ ಬತ್ತೀಯಾ?” ಅಂದ. ಕತ್ತರಿ ಕೆಳಗಿಟ್ಟೆ. ಹೊರಟೆ.

ರೇಣುಕಾಪ್ರಸಾದ್ ಅವನನ್ನು ನೋಡಿದ್ದೇ ಹೊಸ ಮೋಟಾರಿನ ಡಬ್ಬ ತೆಗೆದ. ರಾಜು ತಾನೇ ಕೈ ಚಾಚಿ ಇಂಜಿನ್ ಆಫ್ ಮಾಡಿದ. ಆ ಅಂಗಡಿಯ ಮುಂದೆ ಆ ಕಾರು ಸುಮ್ಮನಾದದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. “ನೀವು ತಿಂಡಿ ತಿಂದ್ಕೊಂಡ್ ಬನ್ನಿ ಅಕ್ಕ” ಅಂದ ರೇಣುಕಾಪ್ರಸಾದ್. ರಾಜು ಬರಲಿಲ್ಲ. ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು, ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಕಾಫಿ ಕುಡಿದು, ಅವನಿಗೆ ಪಾರ್ಸೆಲ್ ಕಟ್ಟಿಸಿಕೊಂಡು ಬಂದೆ. ಹಳೇ ಮೋಟಾರು ನೆಲದ ಮೇಲೆ ಬಿದ್ದಿತ್ತು, ನೆತ್ತಿಯ ತುಂಬ ರಾಡಿನ ಏಟು. ರೇಣುಕಾಪ್ರಸಾದ್ ಕೈ ಒರೆಸಿಕೊಳ್ಳುತ್ತಿದ್ದ.

“ಸೆಲ್ಫ್ ಹೊಡಿ ಈಗ” ಅಂದ.

ರಾಜು ಕೀ ತಿರುಗಿಸಿದ. ಪೂರ್ತಿ ತಿರುಗುವ ಮುಂಚೆಯೇ ಇಂಜಿನ್ ಎದ್ದಿತು. ಆಫ್ ಮಾಡಿದ. ಮತ್ತೆ ತಿರುಗಿಸಿದ, ಮತ್ತೆ ಎದ್ದಿತು.

“ಆಯ್ತಾ?” ಅಂದ.

“ಆಯ್ತು.”

“ಇಷ್ಟೇನಾ?”

ರೇಣುಕಾಪ್ರಸಾದ್ ಬಗ್ಗಿ ಸ್ಪ್ಯಾನರುಗಳನ್ನು ಆಯತೊಡಗಿದ. ರಾಜು ಕಾರಿನಲ್ಲೇ ಕೂತು ಅಂಗೈಯಲ್ಲಿದ್ದ ಫೋನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಅಷ್ಟೊತ್ತಾದ್ರೂ ಯಾರ್ದೂ ಫೋನ್ ಬರ್ಲಿಲ್ಲ ಶಶಕ್ಕ” ಅಂದ.